ಕೌದಿಯಲ್ಲಿ ಕಂಡ ಗೋಪುರ

ಕಲೆಯೆಂದೊಡನೆ ನಮ್ಮ ಮನಸ್ಸು ಬೇಲೂರು, ಹಳೇಬೀಡುಗಳತ್ತ ಓಡುತ್ತದೆ. ಅದು ಸಹಜವೇ. ಆದರೆ ನಮ್ಮ ಮನೆಯಂಗಳದಲ್ಲಿಯೇ ಇರುವ ಕಲೆಯನ್ನು ದಿನವೂ ಕಂಡೂ ಕಾಣದವರಂತೆ ದಾಟಿ ಹೋಗುತ್ತೇವೆ.

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿರುವ ಮೂರ್ನಾಡಿನಲ್ಲಿ ಭಕ್ತರೊಬ್ಬರ ಮನೆಗೆ ಹೋಗಿದ್ದೆ. ಕಣದಲ್ಲಿ ಕಾಫಿ ಒಣಗುತ್ತಿತ್ತು. ಅಕಾಲದ ಮೋಡ ಕವಿಯಲು, ಮನೆಯವರು ಕೈಗೆ ಸಿಕ್ಕ ಹಳೆಯ ಕೌದಿಯೊಂದನ್ನು ರಾಶಿಯ ಮೇಲೆ ಹೊದಿಸಿದರು. ಅದರ ನಡುವೆ ಕಪ್ಪು ಚಂದ್ರಕಾಳಿ ಸೀರೆಯ ತುಂಡೊಂದಿತ್ತು. ತುಂಡಿನ ಮೇಲೆ ಗೋಪುರ, ಪಲ್ಲಕ್ಕಿ, ನವಿಲು. ಧಾರವಾಡದ ಕಡೆಯಿಂದ ಸೊಸೆಯಾಗಿ ಬಂದಿದ್ದ ಅಜ್ಜಿಯ ಕೈಕೆಲಸವದು. “ಹಳೆಯದು ಬುದ್ಧೀ, ಈ ಬೇಸಿಗೆ ಕಳೆದರೆ ಎಸೆಯುವುದೇ” ಎಂದರು.

ಹೊಲಿಗೆ ಬಿಚ್ಚಿದ್ದೆಡೆ ತುಂಡನ್ನು ಮಗುಚಿ ತೋರಿಸಿದೆ. ಹಿಂಬದಿಯಲ್ಲಿಯೂ ಅದೇ ಗೋಪುರ! ಕಸೂತಿಯ ಮರ್ಮವೇ ಇದು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸಿಯೇ ಸೂಜಿ ನಡೆಸಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ, ನೇಯ್ಗೆ, ಮೆಂಥಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿ, ಮುರಗಿಗಳು ಎರಡೂ ಬದಿಗೆ ಒಂದೇ ಬಗೆಯಾಗಿ ಕಾಣುತ್ತವೆ. ಯಾರೂ ನೋಡದ ಬದಿಯನ್ನೂ ಶುದ್ಧವಾಗಿರಿಸುವ ಈ ಶಿಸ್ತಿಗೆ ಕಾಯಕವೆಂಬ ಹೆಸರಲ್ಲದೆ ಬೇರೆ ಹೆಸರುಂಟೆ?

ಇಂತಹ ಕಲೆ ಕೊಡಗಿಗೆ ಹೊಸದಲ್ಲ. ಇಲ್ಲಿನ ಐನ್‌ಮನೆಗಳ ಜಗುಲಿಯಲ್ಲಿ ಕಂಬಗಳ ನಡುವೆ ಐಮರವೆಂಬ ಅಗಲವಾದ ಹಲಗೆಯಿದೆ. ಹಿರಿಯರು ಕುಳಿತು ಕುಳಿತೇ ಅದಕ್ಕೆ ಹೊಳಪು ಬಂದಿದೆ. ಪಕ್ಕದ ಕಂಬದಲ್ಲಿ ಬಡಗಿಯ ಕೆತ್ತನೆ ನಿಂತಿದೆ. ಮಡಿಕೇರಿಯಲ್ಲಿ ಲಿಂಗರಾಜೇಂದ್ರ ಅರಸರು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯದ ಕಿಟಕಿಗಳನ್ನು ನೋಡಿರಿ. ಪಂಚಲೋಹದ ಸರಳುಗಳಲ್ಲಿ ಅರಸರ ಹೆಸರಿನ ಮೊದಲಕ್ಷರವಿದೆ. ಕಳ್ಳರನ್ನು ತಡೆಯುವ ಸರಳೂ ಅಲಂಕಾರವಾಯಿತು. ಆದರೆ ಸರಳನ್ನು ಎರಕ ಹೊಯ್ದವನ ಹೆಸರು ಅಲ್ಲಿಲ್ಲ.

ಕೌದಿಯ ಮೇಲೆಯೂ ಅಜ್ಜಿಯ ಹೆಸರಿರಲಿಲ್ಲ. ಅರಸರ ಅಕ್ಷರ ಲೋಹದಲ್ಲಿ ಉಳಿಯಿತು. ಗೃಹಿಣಿಯ ವಿದ್ಯೆ ಬಟ್ಟೆಯೊಡನೆ ಸವೆಯುತ್ತದೆ. ಬಟ್ಟೆ ಸವೆದರೆ ದುಃಖವಿಲ್ಲ, ಬಳಸುವುದಕ್ಕಾಗಿಯೇ ಅದು ಹುಟ್ಟಿದ್ದು. ಎಳೆಯೆಣಿಸುವ ಕೈ ಮುಂದಿನ ತಲೆಮಾರಿಗೆ ದಾಟದಿದ್ದರೆ ಅದೇ ನಿಜವಾದ ನಷ್ಟ.

ಆ ಮನೆಯ ಮೊಮ್ಮಗಳು ತನ್ನ ಚೌಕುಳಿ ಗಣಿತ ಪುಸ್ತಕವನ್ನು ತಂದು, ಗೋಪುರದ ಹೊಲಿಗೆಗಳನ್ನು ಒಂದೊಂದಾಗಿ ಎಣಿಸಿ ಬರೆದುಕೊಳ್ಳತೊಡಗಿದಳು. ಕೆಳಗೆ ಅಜ್ಜಿಯ ಹೆಸರನ್ನೂ ಬರೆದಳು. ಕಾಫಿಯ ಮೇಲೆ ಬೇರೊಂದು ಗೋಣಿತಾಟು ಬಂದಿತು.

ಸದ್ಭಕ್ತರ ಮನೆಗಳಲ್ಲಿ ಇಂತಹ ಕೌದಿ, ಬುಟ್ಟಿ, ಮಣೆಗಳು ಇನ್ನೂ ಇರಬಹುದು. ಎಸೆಯುವ ಮೊದಲು ಒಮ್ಮೆ ಮಗುಚಿ ನೋಡಿರಿ. ಮಾಡಿದವರು ಯಾರು, ಮಾಡಿದ ಬಗೆ ಹೇಗೆ ಎಂದು ಮನೆಯ ಹಿರಿಯರನ್ನು ಕೇಳಿ, ಇಂದೇ ಬರೆದಿಡಿರಿ.