ಮಠ ಹೋಗಿ ಮರ ಆಯ್ತು: ಕ್ಲಾಸಿನ ಹಾಳೆಗೆ ಯಾವ ಫಾಂಟ್?

(ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಹಾಗೆಯೇ ಬಿಟ್ಟಿದ್ದೇನೆ.)

ಬಿ.ಸಿ.ರೋಡಿನಿಂದ ಮಾತಾಡ್ತಾ ಇದ್ದೇನೆ. ಮಧ್ಯೆ ಬಸ್ಸಿನ ಹಾರ್ನ್ ಕೇಳಿದ್ರೆ ಬೇಜಾರು ಮಾಡಬೇಡಿ, ನನ್ನ ರೂಮು ಹೈವೇ ಪಕ್ಕದಲ್ಲೇ ಉಂಟು.

ಕಳೆದ ವಾರ ದೊಡ್ಡಮ್ಮನ ಮಗಳು ಫೋನ್ ಮಾಡಿದ್ಳು. ಅಕ್ಕ ಇಲ್ಲೇ ತಾಲೂಕಿನ ಒಂದು ಶಾಲೆಯಲ್ಲಿ ಮೂರನೇ ಕ್ಲಾಸಿನ ಟೀಚರ್. ಅವಳೇ ಟೈಪ್ ಮಾಡಿ, ಜೆರಾಕ್ಸ್ ತೆಗೆದು, ಮಕ್ಕಳಿಗೆ ಓದಲು ಕೊಟ್ಟ ಹಾಳೆಯಲ್ಲಿ ‘ಮಠ’ ಅಂತ ಒಂದು ಪದ ಇತ್ತು. ಒಬ್ಬ ಹುಡುಗ ‘ಮರ’ ಅಂತ ಓದಿದ. ಇನ್ನೊಮ್ಮೆ ಓದು ಅಂದ್ರೂ ಮರವೇ. ಇನ್ನೂ ಎರಡು ಮೂರು ಪದ ಹೀಗೇ ಆಗಿ, ಓದಿನಲ್ಲಿ ಹಿಂದೆ ಇರುವವರ ಪಟ್ಟಿಗೆ ಅವನ ಹೆಸರು ಹೋಯಿತು. ಸಂಜೆ ಮನೆಯಲ್ಲಿ ಅಕ್ಕ ಅದೇ ಹಾಳೆಯನ್ನು ಕನ್ನಡಕ ಹಾಕಿ ನೋಡ್ತಾಳೆ: ಠ ಒಳಗಿನ ಚುಕ್ಕೆ ಇಲ್ಲ! ಹಾಳೆಯಲ್ಲಿ ಇದ್ದದ್ದು ಮರವೇ. ಹುಡುಗ ಸರಿಯಾಗಿಯೇ ಓದಿದ್ದ.

“ಪೋಸ್ಟರ್ ಎಲ್ಲ ನೀನೇ ಮಾಡ್ತಿಯಲ್ಲ ಮಾರಾಯ, ಯಾವ ಫಾಂಟ್ ಹಾಕೋದು ಹೇಳು” ಅಂದ್ಳು. ನಾನು ಬಿಕಾಂ ಓದಿದವ, ಅಕ್ಷರ ವಿನ್ಯಾಸ ಕಲಿತವನಲ್ಲ. ಆದ್ರೆ ಒಂದು ವಾರ ಇದರ ಹಿಂದೆಯೇ ಬಿದ್ದೆ.

ಚಾಟಿನಲ್ಲಿ ಸಿಟ್ಟು ತೋರಿಸಲು ಲೋಕದ ಜನ ಬಳಸುವ ಠ_ಠ ಗೊತ್ತಲ್ವಾ? ಕನ್ನಡ ಬಾರದವರಿಗೂ ಅದು ದುರುಗುಟ್ಟುವ ಎರಡು ಕಣ್ಣು. ಆ ಕಣ್ಣಿನ ಗುಡ್ಡೆ ತೆಗೀರಿ, ಉಳಿಯೋದು ರ. ಅಷ್ಟೇ ವ್ಯತ್ಯಾಸ. ದ ಒಳಗೆ ಚುಕ್ಕೆ ಇಟ್ರೆ ಥ, ಕೆಳಗೆ ಸೀಳಿದ್ರೆ ಧ. ಬ–ಭ, ಪ–ಫ, ಡ–ಢ, ಚ–ಛ ಎಲ್ಲ ಇದೇ ಕಥೆ. ‘ಹೊಕ್ಕಳು ಸೀಳು’ ಅಂತ ನಮ್ಮ ಟೀಚರ್ ಹೇಳ್ತಿದ್ದದ್ದು ನೆನಪುಂಟಾ? ಆ ಸೀಳು ಒಂದು ಸಣ್ಣ ಗೆರೆ. ಫಾಂಟ್ ದಪ್ಪ ಆದ ಹಾಗೆ ಚುಕ್ಕೆಯ ಸುತ್ತಲಿನ ಬಿಳಿ ಜಾಗ ಮುಚ್ಚಿಕೊಳ್ತದೆ, ಸೀಳು ಅಂಟಿಕೊಳ್ತದೆ. ಫಾಂಟ್ ತೀರಾ ತೆಳು ಆದ್ರೆ ಜೆರಾಕ್ಸ್ ಮಿಷನ್ ಅದನ್ನು ನುಂಗಿ ಹಾಕ್ತದೆ.

ನಮ್ಮ ಕಡೆ ಇದು ಯಾಕೆ ಇನ್ನೂ ಕಷ್ಟ ಅಂದ್ರೆ, ತುಂಬಾ ಮಕ್ಕಳ ಮನೆಮಾತು ತುಳು. ತುಳುವಿನ ಸ್ವಂತ ಪದಗಳಲ್ಲಿ ಮಹಾಪ್ರಾಣ ಇಲ್ಲ. (ಕೊಂಕಣಿ ಮನೆಯ ಮಕ್ಕಳು ಸ್ವಲ್ಪ ಬಚಾವ್, ಅದರಲ್ಲಿ ಉಂಟು.) ದನ–ಧನ, ಬಾವಿ–ಭಾವಿ ಬೇರೆ ಬೇರೆ ಅಂತ ತುಳು ಮಗುವಿನ ಕಿವಿ ಮೊದಲೇ ಹೇಳಿಕೊಟ್ಟಿರೋದಿಲ್ಲ. ಹಾಳೆಯಲ್ಲಿ ಕಾಣುವ ಆ ಸೀಳನ್ನೇ ನಂಬಿ ಅದು ಓದಬೇಕು. ಅದೇ ಕಾಣದಿದ್ರೆ? ದೊಡ್ಡವರು ನಾವು ಇಡೀ ವಾಕ್ಯ ನೋಡಿ ಊಹೆ ಮಾಡ್ತೇವೆ. ಈಗಷ್ಟೇ ಅಕ್ಷರ ಕೂಡಿಸಲು ಕಲಿತ ಮಗುವಿಗೆ ಆ ಊಹೆಯ ಬಲ ಕಮ್ಮಿ. ನಲಿ-ಕಲಿಯಲ್ಲಿ ಅಕ್ಷರ ಕಲಿಸೋದೂ ‘ರ ಗ ಸ ದ ಅ’ ಅಂತ, ಆಕಾರ ಹಿಡಿದು. ಆಕಾರವೇ ಮಗುವಿನ ಆಧಾರ.

ಸರಿ, ಯಾವ ಫಾಂಟ್? ಒಂದೇ ಹೆಸರು ಹೇಳು ಅಂದ್ರೆ ನೋಟೊ ಸ್ಯಾನ್ಸ್ ಕನ್ನಡ, ರೆಗ್ಯುಲರ್ ದಪ್ಪದ್ದು. ಉಚಿತ, ಎಷ್ಟು ಬೇಕಾದ್ರೂ ಪ್ರಿಂಟ್ ಮಾಡಿ ಹಂಚಬಹುದು. ವಿಂಡೋಸ್‌ನಲ್ಲೇ ಬರುವ ನಿರ್ಮಲಾ ಕೂಡ ನಡೀತದೆ. ಬಲೂ ತಮ್ಮ ಚಂದ ಉಂಟು, ಆದ್ರೆ ಗುಂಡು ಗುಂಡಾದ ದಪ್ಪ ಅಕ್ಷರ. ತಲೆಬರಹಕ್ಕೆ ಇಟ್ಕೊಳ್ಳಿ, ಪಾಠಕ್ಕೆ ಬೇಡ. ಮದುವೆ ಕಾಗದದ ಬಳುಕು ಅಕ್ಷರ, ನೆರಳು ಬಿದ್ದ ಅಕ್ಷರ, ಇವೆಲ್ಲ ಬೇಡವೇ ಬೇಡ. ಕನ್ನಡ ಅಕ್ಷರವನ್ನು ಓರೆ ಮಾಡೋದೂ ಬೇಡ. ಆ ಬಟನ್ ಇಂಗ್ಲಿಷಿನ ಅಭ್ಯಾಸ. ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಓರೆ ಅಕ್ಷರ ಬೇರೆಯಾಗಿ ಇರೋದೇ ಇಲ್ಲ, ಕಂಪ್ಯೂಟರ್ ಇದ್ದದ್ದನ್ನೇ ಬಗ್ಗಿಸ್ತದೆ ಅಷ್ಟೆ.

ನನ್ನ ಮಾತನ್ನೂ ಪೂರ್ತಿ ನಂಬಬೇಡಿ, ಪರೀಕ್ಷೆ ಮಾಡಿ. ‘ಮರ ಮಠ, ದನ ಧನ, ರಥ, ಫಲ, ಹಾವು, ರಾಷ್ಟ್ರ’ ಇಷ್ಟನ್ನು ಮೂರು ನಾಲ್ಕು ಫಾಂಟಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೀರಿ. ಆ ಪ್ರಿಂಟಿನ ಜೆರಾಕ್ಸ್, ಮತ್ತೆ ಆ ಜೆರಾಕ್ಸಿನ ಜೆರಾಕ್ಸ್. ಮಕ್ಕಳ ಕೈಗೆ ಹೋಗೋದು ಅದೇ ತಾನೆ? ಅದರಲ್ಲೂ ಚುಕ್ಕೆ, ಸೀಳು ಉಳಿದ ಫಾಂಟೇ ಪಾಸ್. ಹಾವು ಯಾಕೆ ಹಾಕಿದೆ ಅಂದ್ರೆ, ಕೆಲವು ಫಾಂಟಲ್ಲಿ ‘ವು’ ಮತ್ತು ‘ಮ’ ಅವಳಿ ಮಕ್ಕಳ ಹಾಗೆ, ಹಾವು ಹೋಗಿ ಹಾಮ ಆಗ್ತದೆ. ರಾಷ್ಟ್ರ ಹಾಕಿದ್ದು ಅದರ ಎರಡು ಒತ್ತಿಗಾಗಿ.

ಒತ್ತಕ್ಷರದಲ್ಲೇ ನಾನೂ ಎಡವಿದ್ದು. ಫಾಂಟ್ ಸರಿ ಇದ್ರೂ ಸಾಲುಗಳು ಒಂದರ ಮೇಲೊಂದು ಕೂತ್ರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗ್ತದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಶುರುವಾದಾಗ ಅದು ಕಲ್ಲಚ್ಚಿನ ಪತ್ರಿಕೆ. ಕೈಯಲ್ಲಿ ಬರೆಯುವಾಗ ಒತ್ತಿಗೆ ಎಷ್ಟು ಜಾಗ ಬೇಕೋ ಬರೆಯುವವನೇ ಬಿಟ್ಕೊಳ್ಬಹುದು. ಈಗ ಆ ಕೆಲಸ ನಾವು ಸೆಟ್ಟಿಂಗಲ್ಲಿ ಮಾಡಬೇಕು: ಸಾಲಿನ ಅಂತರ ಒಂದೂವರೆಗೆ ಇಡಿ. ಎರಡೂ ಅಂಚಿಗೆ ಸಾಲನ್ನು ಎಳೆದು ಕೂರಿಸೋದು ಬೇಡ. ನಮ್ಮ ಪದಗಳು ಉದ್ದ, ಮಧ್ಯೆ ದೊಡ್ಡ ದೊಡ್ಡ ಹೊಂಡ ಬೀಳ್ತದೆ. ಎಡಕ್ಕೆ ಸೇರಿಸಿದ್ರೆ ಸಾಕು.

ಮೂರನೇ ಕ್ಲಾಸಿಗೆ 20 ಪಾಯಿಂಟ್ ಅಂತ ನಾನು ಹೇಳಿದೆ. ಹಾಗಾದ್ರೆ ಒಂದು ಪುಟ ಎರಡಾಗ್ತದೆ, 30 ಮಕ್ಕಳಿಗೆ 30 ಹಾಳೆ ಜಾಸ್ತಿ, ದುಡ್ಡು ಯಾರು ಕೊಡೋದು ಅಂತ ಅಕ್ಕ ಕೇಳಿದ್ಳು. ಸರಿಯಾದ ಪ್ರಶ್ನೆ. ಪದ ಕಮ್ಮಿ ಮಾಡು, ಅಕ್ಷರ ಸಣ್ಣ ಮಾಡ್ಬೇಡ ಅಂದೆ. ಅವಳಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. 18ಕ್ಕೆ ರಾಜಿ ಆಯ್ತು.

ಇನ್ನೊಂದು ಗೊಂದಲ. “ನಾನು ನುಡಿಯಲ್ಲಿ ಟೈಪ್ ಮಾಡೋದು, ಬೇರೆ ಫಾಂಟ್ ಆಗೋದಿಲ್ಲ” ಅಂತಾರೆ ಕೆಲವರು. ಕೀಲಿಮಣೆ ಬೇರೆ, ಫಾಂಟ್ ಬೇರೆ. ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲೇ ಟೈಪ್ ಮಾಡಿ, ಯಾವ ಯುನಿಕೋಡ್ ಫಾಂಟ್ ಬೇಕಾದ್ರೂ ಹಾಕಬಹುದು. ಹಳೇ ಮಾದರಿಯ ಫಾಂಟಲ್ಲಿ ಮಾಡಿದ ಫೈಲು ಮಾತ್ರ, ಆ ಫಾಂಟ್ ಇಲ್ಲದ ಮೊಬೈಲಿಗೆ ಹೋದ್ರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ವಾಟ್ಸ್ಆ್ಯಪ್ಪಲ್ಲಿ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ, ಹಾಳೆಯ ಫೋಟೋ ಬೇಡ.

ಹೊಸ ಹಾಳೆ ಮೊನ್ನೆ ಕ್ಲಾಸಿಗೆ ಹೋಯ್ತು. ಅಕ್ಕ ಆ ಹುಡುಗನನ್ನು ಹತ್ರ ಕೂರಿಸಿ ಓದಿಸಿದ್ಳಂತೆ. ಮಠ, ರಥ, ಹಾವು ಎಲ್ಲ ಸರಿ. ‘ಧನ’ವನ್ನು ಮಾತ್ರ ಮತ್ತೆ ದನ ಅಂದನಂತೆ. “ಅದು ಹಾಳೆಯ ತಪ್ಪಲ್ಲ, ಸೀಳು ಸರಿಯಾಗಿ ಕಾಣ್ತದೆ. ಅದನ್ನು ನಾನು ಕಲಿಸ್ತೇನೆ” ಅಂದ್ಳು. ಪಟ್ಟಿಯಿಂದ ಹೆಸರು ತೆಗೆದಿದ್ದಾಳೆ.