ಹಿಂಬದಿ ಎತ್ತರಿಸಿದ ಪಿಕಪ್ ಸರಕು ವಾಹನಗಳು: ಪಾಟಾ ದುರಸ್ತಿ ಕುರಿತು ಮಾಲೀಕರಿಗೆ ಮಾಹಿತಿ

ಕಾರವಾರ ಹಾಗೂ ಅಂಕೋಲಾ ತಾಲ್ಲೂಕುಗಳಲ್ಲಿ ಮೀನು, ಮಂಜುಗಡ್ಡೆ, ಚಿರೇಕಲ್ಲು ಮತ್ತು ಮಾವಿನಹಣ್ಣಿನ ಸಾಗಣೆಗೆ ಪಿಕಪ್ ವಾಹನಗಳನ್ನು ಬಳಸಲಾಗುತ್ತಿದೆ. ಹೆಚ್ಚು ಸರಕು ಹೇರುವ ಉದ್ದೇಶದಿಂದ ಅಥವಾ ಕುಸಿದ ಹಿಂಬದಿಯನ್ನು ಮೇಲೆತ್ತುವ ಸಲುವಾಗಿ ಕೆಲವು ಮಾಲೀಕರು ಪಾಟಾಗಳಿಗೆ (ಲೀಫ್ ಸ್ಪ್ರಿಂಗ್) ಹೆಚ್ಚುವರಿ ಪಟ್ಟಿ ಸೇರಿಸುವುದು ಅಥವಾ ಪಾಟಾ ಮತ್ತು ಆಕ್ಸಲ್ ನಡುವೆ ಕಟ್ಟೆ ಇರಿಸಿ ವಾಹನವನ್ನು ಎತ್ತರಿಸುವುದು ಉಂಟು. ಅರ್ಹತಾ ಪ್ರಮಾಣಪತ್ರಕ್ಕೆ (ಎಫ್.ಸಿ.) ಅರ್ಜಿ ಸಲ್ಲಿಸುವ ಮುನ್ನ ಮಾಲೀಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

1. ಪಾಟಾ ಬಲಪಡಿಸಿದರೆ ಹೊರೆಯ ಮಿತಿ ಹೆಚ್ಚುವುದಿಲ್ಲ

ವಾಹನದ ಹೊರೆಯ ಮಿತಿಯನ್ನು ಪಾಟಾ ಒಂದೇ ನಿರ್ಧರಿಸುವುದಿಲ್ಲ. ಆಕ್ಸಲ್, ಚಾಸಿಸ್, ಟೈರ್ ಮತ್ತು ಬ್ರೇಕ್‌ಗಳ ಸಾಮರ್ಥ್ಯವೂ ಅದರಲ್ಲಿ ಸೇರಿದೆ. ಎರಡು ಪಟ್ಟಿ ಹೆಚ್ಚಾಗಿ ಹಾಕಿದ ಮಾತ್ರಕ್ಕೆ ಬ್ರೇಕ್‌ನ ಶಕ್ತಿ ಹೆಚ್ಚುವುದಿಲ್ಲ. ಆದ್ದರಿಂದ ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗಿರುವ ಒಟ್ಟು ತೂಕವೇ ಮಿತಿಯಾಗಿರುತ್ತದೆ.

ಉದಾಹರಣೆಗೆ, ಪ್ರಮಾಣಪತ್ರದಲ್ಲಿ ಒಟ್ಟು ತೂಕ 2,900 ಕಿ.ಗ್ರಾಂ. ಹಾಗೂ ಖಾಲಿ ತೂಕ 1,700 ಕಿ.ಗ್ರಾಂ. ಎಂದಿದ್ದರೆ ಉಳಿಯುವುದು 1,200 ಕಿ.ಗ್ರಾಂ. ಖಾಲಿ ತೂಕದಲ್ಲಿ ಚಾಲಕ ಹಾಗೂ ಸಹಾಯಕನ ತೂಕ ಸೇರಿರುವುದಿಲ್ಲ. ಇಬ್ಬರ ತೂಕ 140 ಕಿ.ಗ್ರಾಂ. ಎಂದುಕೊಂಡರೆ ಸರಕಿಗೆ ಸಿಗುವುದು 1,060 ಕಿ.ಗ್ರಾಂ. ಮಾತ್ರ. ಮೀನಿನೊಂದಿಗೆ ತುಂಬುವ ಮಂಜುಗಡ್ಡೆ, ನೀರು ಮತ್ತು ಪೆಟ್ಟಿಗೆಗಳ ತೂಕವೂ ಇದರಲ್ಲಿಯೇ ಬರುತ್ತದೆ.

ಮಿತಿ ಮೀರಿದ ಹೊರೆಗೆ ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 194ರಲ್ಲಿ 20,000 ರೂ. ದಂಡ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ನಿಗದಿಪಡಿಸಲಾಗಿದೆ. ಹೆಚ್ಚುವರಿ ಸರಕನ್ನು ಇಳಿಸುವ ವೆಚ್ಚವೂ ತಪ್ಪಿತಸ್ಥರದ್ದೇ ಆಗಿರುತ್ತದೆ.

2. ಎತ್ತರಿಸಿದ ಹಿಂಬದಿ ಮತ್ತು ಬ್ರೇಕ್

ಹಲವು ಪಿಕಪ್‌ಗಳಲ್ಲಿ ಹಿಂಬದಿ ಬ್ರೇಕಿನ ಒತ್ತಡವನ್ನು ಹೊರೆಗೆ ತಕ್ಕಂತೆ ಹೊಂದಿಸುವ ವಾಲ್ವ್ ಇರುತ್ತದೆ. ಚಾಸಿಸ್ ಮತ್ತು ಆಕ್ಸಲ್ ನಡುವಿನ ಅಂತರ ಕಡಿಮೆಯಾದರೆ ವಾಹನದಲ್ಲಿ ಹೊರೆ ಇದೆಯೆಂದು ಅದು ಗುರುತಿಸುತ್ತದೆ. ಹಿಂಬದಿಯನ್ನು ಎತ್ತರಿಸಿದಲ್ಲಿ ಸರಕು ತುಂಬಿದ್ದರೂ ಅಂತರ ಹೆಚ್ಚಾಗಿಯೇ ಉಳಿಯುತ್ತದೆ. ವಾಲ್ವ್ ವಾಹನವನ್ನು ಖಾಲಿಯೆಂದೇ ಪರಿಗಣಿಸಿ ಹಿಂದಿನ ಚಕ್ರಗಳಿಗೆ ಕಡಿಮೆ ಒತ್ತಡ ನೀಡುತ್ತದೆ. ಅಂಕೋಲಾ–ಹುಬ್ಬಳ್ಳಿ ರಾಷ್ಟ್ರೀಯ ಹೆದ್ದಾರಿ 52ರ ಅರಬೈಲ್ ಘಟ್ಟದಂತಹ ಇಳಿಜಾರಿನಲ್ಲಿ, ಅದರಲ್ಲಿಯೂ ಮಳೆಗಾಲದಲ್ಲಿ, ಇದು ಪ್ರಾಣಾಪಾಯಕ್ಕೆ ಎಡೆಮಾಡಿಕೊಡಬಲ್ಲದು. ಇದಲ್ಲದೆ, ಹಿಂಬದಿ ಏರಿದಾಗ ಮುಂದಿನ ದೀಪಗಳ ಬೆಳಕು ಕೆಳಕ್ಕೆ ವಾಲಿ ದೂರದ ರಸ್ತೆ ಕಾಣಿಸುವುದಿಲ್ಲ.

3. ಕಡಿಮೆ ವೆಚ್ಚದಲ್ಲಿ ಆಯ್ಕೆ ಮಾಡಬಹುದಾದ ಕ್ರಮಗಳು

ಅ) ಮೊದಲು ಅಳತೆ: ಖಾಲಿ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರದ ಮಧ್ಯಭಾಗದಿಂದ ಸರಕು ಪೆಟ್ಟಿಗೆಯ ಅಂಚಿನವರೆಗಿನ ಎತ್ತರವನ್ನು ಎರಡೂ ಬದಿಗಳಲ್ಲಿ ಅಳೆಯಿರಿ. ಒಂದು ಬದಿ ಗಮನಾರ್ಹವಾಗಿ ತಗ್ಗಿದ್ದರೆ ಪಟ್ಟಿ ತುಂಡಾಗಿರುವ ಅಥವಾ ಪಾಟಾ ಸಡಿಲಗೊಂಡಿರುವ ಸಾಧ್ಯತೆ ಇದೆ.

ಆ) ಸವೆದ ಬಿಡಿಭಾಗಗಳ ಬದಲಾವಣೆ: ಬುಷ್, ಶಾಕಲ್ ಪಿನ್, ಶಾಕ್ ಅಬ್ಸಾರ್ಬರ್‌ಗಳನ್ನು ತಯಾರಕರ ನಿರ್ದಿಷ್ಟತೆಗೆ ಅನುಗುಣವಾಗಿ ಬದಲಾಯಿಸುವುದು ಅತಿ ಕಡಿಮೆ ಖರ್ಚಿನ ಕ್ರಮ. ಕುಲುಕಾಟದ ದೂರು ಅನೇಕ ಬಾರಿ ಇಷ್ಟರಿಂದಲೇ ನಿವಾರಣೆಯಾಗುತ್ತದೆ. ಪಾಟಾ ಬಿಚ್ಚಿದಾಗ ಹೊಸ ಯು-ಬೋಲ್ಟ್‌ಗಳನ್ನೇ ಹಾಕಿಸಿ, ಕೆಲವು ನೂರು ಕಿ.ಮೀ. ಓಡಿದ ನಂತರ ಮತ್ತೊಮ್ಮೆ ಬಿಗಿ ಮಾಡಿಸಬೇಕು.

ಇ) ಪಾಟಾ ಮರುಬಾಗಿಸುವುದು: ಕುಲುಮೆಯಲ್ಲಿ ಸರಿಯಾಗಿ ಹದ ಕೊಟ್ಟಲ್ಲಿ ಮಾತ್ರ ಇದು ಬಾಳಿಕೆ ಬರುತ್ತದೆ. ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ ಬಾಗಿಸಿದ ಪಟ್ಟಿ ಹದ ಕಳೆದುಕೊಂಡು ಬೇಗನೆ ಕುಸಿಯುತ್ತದೆ ಅಥವಾ ತುಂಡಾಗುತ್ತದೆ.

ಈ) ಹೊಸ ಪಾಟಾ: ತಯಾರಕರು ಸೂಚಿಸಿದ ಅಳತೆಯದ್ದನ್ನು ಎರಡೂ ಬದಿಗೆ ಒಟ್ಟಿಗೆ ಅಳವಡಿಸಬೇಕು. ಗುಜರಿ ವಾಹನದ ಪಾಟಾ ಅಗ್ಗವಾದರೂ ಅದರಲ್ಲಿನ ಸೂಕ್ಷ್ಮ ಬಿರುಕುಗಳು ಬರಿಗಣ್ಣಿಗೆ ಕಾಣುವುದಿಲ್ಲ.

ಉ) ತ್ಯಜಿಸಬೇಕಾದವು: ಮರದ ಕಟ್ಟೆಗಳು, ಒಂದರ ಮೇಲೊಂದು ಇರಿಸಿದ ಕಬ್ಬಿಣದ ಕಟ್ಟೆಗಳು, ಬೆಸುಗೆ ಹಾಕಿ ಉದ್ದಗೊಳಿಸಿದ ಶಾಕಲ್‌ಗಳು.

4. ಕರಾವಳಿಯ ವಾಹನಗಳಿಗೆ ವಿಶೇಷ ಸೂಚನೆ

ಮೀನಿನ ಪೆಟ್ಟಿಗೆಗಳಿಂದ ಸೋರುವ ಉಪ್ಪುನೀರು ಪಟ್ಟಿಗಳ ನಡುವೆ ಸೇರಿ ತುಕ್ಕು ಹಿಡಿಸುತ್ತದೆ. ತುಕ್ಕಿನ ಗುಳಿಗಳಿಂದಲೇ ಬಿರುಕು ಆರಂಭವಾಗುತ್ತದೆ. ಬೈತಖೋಲ್ ಬಂದರಿನಿಂದ ಮೀನು ಸಾಗಿಸುವ ವಾಹನಗಳ ತಳಭಾಗವನ್ನು ಪ್ರತಿದಿನ ಸಿಹಿನೀರಿನಿಂದ ತೊಳೆದರೆ ಪಾಟಾದ ಆಯುಷ್ಯ ಹೆಚ್ಚುತ್ತದೆ. ಇದಕ್ಕೆ ಖರ್ಚು ಏನೂ ಇಲ್ಲ.

5. ಕಾನೂನಿನ ಅವಕಾಶ

ಕಾಯ್ದೆಯ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ಅನುಮತಿಯಿಲ್ಲದ ಮಾರ್ಪಾಡಿಗೆ ಕಲಂ 182ಎ(4)ರನ್ವಯ ಮಾಲೀಕರಿಗೆ 6 ತಿಂಗಳವರೆಗೆ ಕಾರಾಗೃಹ ವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದು. ಸವೆದ ಭಾಗಕ್ಕೆ ಅದೇ ನಿರ್ದಿಷ್ಟತೆಯ ಹೊಸ ಭಾಗ ಹಾಕುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಸಂದೇಹವಿದ್ದಲ್ಲಿ ಹಣ ವ್ಯಯಿಸುವ ಮುನ್ನವೇ ಕಾರವಾರದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ (ಕೆಎ-30) ವಿಚಾರಿಸತಕ್ಕದ್ದು.

6. ಅರ್ಹತಾ ಪ್ರಮಾಣಪತ್ರದ ನವೀಕರಣ

8 ವರ್ಷಗಳವರೆಗಿನ ಸಾರಿಗೆ ವಾಹನಗಳಿಗೆ 2 ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯ ವಾಹನಗಳಿಗೆ ಪ್ರತಿ ವರ್ಷ ನವೀಕರಣ ಅಗತ್ಯ. ನೋಂದಣಿ ಪ್ರಮಾಣಪತ್ರ, ವಿಮೆ, ತೆರಿಗೆ ಪಾವತಿ ಹಾಗೂ ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಒಟ್ಟು ತೂಕ 3,000 ಕಿ.ಗ್ರಾಂ. ಮೀರಿದ ವಾಹನಗಳಿಗೆ ರಹದಾರಿಯೂ ಅಗತ್ಯ. ಪಾಟಾ ದುರಸ್ತಿಯ ಬಿಲ್ಲನ್ನು ಜೊತೆಯಲ್ಲಿ ಇಟ್ಟುಕೊಂಡಲ್ಲಿ ಯಾವ ಭಾಗ ಬದಲಾಗಿದೆ ಎಂಬುದನ್ನು ತಪಾಸಣೆಯ ವೇಳೆ ತೋರಿಸಲು ಅನುಕೂಲವಾಗುತ್ತದೆ. ಮಾಲೀಕರು ದುರಸ್ತಿಯನ್ನು ತಪಾಸಣೆಗೆ ಮುಂಚಿತವಾಗಿಯೇ ಪೂರ್ಣಗೊಳಿಸಿ ಸಹಕರಿಸಬೇಕೆಂದು ಕೋರಲಾಗಿದೆ.