ಕಂತು ಕಟ್ಟುತ್ತಾ ಮನೆ ನಡೆಸೋದು ಹೇಗೆ?



ಒಂದು ಕಂತು ಕಟ್ಟೋಕೆ ಇನ್ನೊಂದು ಕಡೆ ಸಾಲ ಎತ್ತಿದರೆ ಸಾಲ ತೀರೋದಿಲ್ಲ, ಬೆಳೆಯುತ್ತದೆ. ಚನ್ನಗಿರಿಯ ಅಡಿಕೆ ಕೊಯ್ಲು, ಹೊನ್ನಾಳಿಯ ಭತ್ತದ ನಾಟಿ, ಜಗಳೂರಿನ ಮೆಕ್ಕೆಜೋಳದ ಸುಗ್ಗಿಯಲ್ಲಿ ಕೂಲಿ ಸಿಗುತ್ತದೆ, ಬೇಸಿಗೆಯಲ್ಲಿ ಕಷ್ಟ. ಕಂತು ಮಾತ್ರ ನಿಲ್ಲದು. ಆದ್ದರಿಂದ ಕೂಲಿ ಇರುವಾಗಲೇ ಎರಡು ಕಂತಿನ ಹಣ ಎತ್ತಿಡೋಣ.

ದುಡ್ಡು ಬಂದ ದಿನವೇ ರೇಷನ್, ಔಷಧಿ, ಶಾಲೆ ಖರ್ಚು ಬೇರೆ ತೆಗೆದಿಟ್ಟು ಪುಸ್ತಕದಲ್ಲಿ ಬರೆಯಿರಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕಿರುಸಾಲ ಕೊಡುವಾಗ ಮನೆಯ ಎಲ್ಲಾ ಕಂತು ಸೇರಿ ಆದಾಯದ ಅರ್ಧ ಮೀರಬಾರದು. ಅಂದರೆ ತಿಂಗಳಿಗೆ 12,000 ರೂ. ಬರುವ ಮನೆಗೆ 6,000 ರೂ.

ಕಟ್ಟಲು ಆಗದಿದ್ದರೆ ಕಂತಿನ ದಿನಕ್ಕೆ ಮೊದಲೇ ಹೋಗಿ, ಅರ್ಜಿ ಬರೆದು ಕಾಲಾವಕಾಶ ಕೇಳಿ. ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ. ಬಲವಂತ ಮಾಡಿದರೆ ಕರ್ನಾಟಕದ 2025ರ ಕಾನೂನಿನಡಿ ಪೊಲೀಸರಿಗೆ ದೂರು ಕೊಡಬಹುದು. ಒಬ್ಬರೇ ಕೊರಗಬೇಡಿ, ಸಂಘದ ಸಭೆಯಲ್ಲಿ ಹೇಳಿ.